ಅತ್ತೆ ಒಪ್ಪಿದರೆ ಮನೆ

ಬಾಡಿಗೆಗೆ ಮನೆ ಕೇಳಿಕೊಂಡು ಹೋದವರನ್ನು ಮನೆಯವರು ನಾಲ್ಕು ಪ್ರಶ್ನೆ ಕೇಳುವುದು ಎಲ್ಲ ಕಡೆಯೂ ಇದ್ದದ್ದೇ. ಎಷ್ಟು ಜನ ಇದ್ದೀರಿ, ಏನು ಕೆಲಸ, ಯಾವ ಊರು, ಯಾವಾಗ ಬರುತ್ತೀರಿ. ಆದರೆ ಉಪ್ಸಾರಿಗೆ ಉಪ್ಪು ಯಾವಾಗ ಹಾಕುತ್ತೀಯ, ಕಾಳು ಬೇಯುವ ಮೊದಲೋ ಬೆಂದ ಮೇಲೋ ಎಂದು ಕೇಳಿದವರನ್ನು ನಾನು ನೋಡಿದ್ದು ಒಬ್ಬರನ್ನೇ. ಊರವರೆಲ್ಲ ಅವರನ್ನು ದೊಡ್ಡವ್ವ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಈ ಸಲದ ಮಾಘದಲ್ಲಿ ಅವರು ತೀರಿಕೊಂಡರು. ಬಾಡಿಗೆ ಮನೆಯ ಒಡತಿ ಸತ್ತದ್ದಕ್ಕೆ ಯಾರಾದರೂ ಊಟ ಬಿಟ್ಟು ಅಳುತ್ತಾರೆಯೇ ಎಂದು ನಮ್ಮ ಆಸ್ಪತ್ರೆಯ ಗೆಳತಿಯರು ಕೇಳಿದರು. ಅವರಿಗೆ ಏನು ಹೇಳಲಿ? ಅವರು ಯಾರೂ ದೊಡ್ಡವ್ವನ ಗೋಡೆಯ ಪಕ್ಕದಲ್ಲಿ ಬಾಳಿದವರಲ್ಲ.

ಆಗ ನಾನು ಹರವೆ ಹೋಬಳಿಯ ಒಂದು ಊರಿನ ಆರೋಗ್ಯ ಕೇಂದ್ರದಲ್ಲಿ ನರ್ಸು. ಮನೆ ಗುಂಡ್ಲುಪೇಟೆಯಲ್ಲಿ, ನನ್ನ ಅಮ್ಮನ ಜೊತೆ. ನಮ್ಮ ಯಜಮಾನರು ಲಾರಿ ಓಡಿಸುತ್ತಿದ್ದರು. ಗುಂಡ್ಲುಪೇಟೆಯಲ್ಲಿ ಬೀನ್ಸು, ಟೊಮೆಟೊ, ಬೀಟ್‌ರೂಟು ಹೇರಿಕೊಂಡು ಘಟ್ಟ ಇಳಿದು ಕೇರಳಕ್ಕೆ ಹೋದರೆ, ಬರುವುದು ಯಾವಾಗ ಎಂದು ಅವರಿಗೇ ಗೊತ್ತಿರುತ್ತಿರಲಿಲ್ಲ. ನಾನು ಎರಡು ಬಸ್ಸು ಬದಲಿಸಿ ಕೆಲಸಕ್ಕೆ ಹೋಗಬೇಕು. ಹೊರಡುವಾಗ ಮಗಳು ಮಲಗಿರುತ್ತಿದ್ದಳು, ಬರುವಾಗಲೂ ಮಲಗಿರುತ್ತಿದ್ದಳು. ಒಂದು ಭಾನುವಾರ ತಲೆ ಬಾಚಲು ಕರೆದರೆ ಅವಳು ನನ್ನ ಅಮ್ಮನ ಸೆರಗು ಹಿಡಿದು, "ಅಮ್ಮಾ, ನೀನೇ ಬಾಚು, ನರ್ಸಮ್ಮ ಬೇಡ" ಎಂದಳು. ಅಮ್ಮ ನಕ್ಕರು. ನಾನೂ ನಕ್ಕೆ, ಆಮೇಲೆ ಬಚ್ಚಲಿಗೆ ಹೋಗಿ ಅತ್ತೆ. ಜೂನ್‌ನಲ್ಲಿ ಸ್ಕೂಲು ತೆರೆಯುವುದರೊಳಗೆ ಕೆಲಸದ ಊರಿನಲ್ಲೇ ಒಂದು ಮನೆ ಹಿಡಿದು ಮಗಳನ್ನು ಕರೆದುಕೊಂಡು ಬರಬೇಕು, ಇಲ್ಲದಿದ್ದರೆ ಇವಳು ಕೈಬಿಟ್ಟು ಹೋಗುತ್ತಾಳೆ ಎಂದು ಅವತ್ತು ನಿಶ್ಚಯ ಮಾಡಿದೆ.

ನಿಶ್ಚಯ ಮಾಡುವುದು ಸುಲಭ. ಆ ಕಡೆಯ ಊರುಗಳಲ್ಲಿ ಮನೆಗಳಿಗೆ ಬರವಿಲ್ಲ, ಬೀಗ ಬಿದ್ದ ಮನೆ ಬೀದಿಗೊಂದು ಸಿಗುತ್ತದೆ. ಆದರೆ ಮನೆಯನ್ನು ಬಾಡಿಗೆಗೆ ಕೊಟ್ಟರು ಎಂದರೆ ಆ ಮನೆತನಕ್ಕೆ ಏನೋ ಕುತ್ತು ಬಂದಿದೆ ಎಂದು ಊರು ಮಾತಾಡಿಕೊಳ್ಳುತ್ತದೆ. ಅದಕ್ಕೇ ಯಾರೂ 'ಇಲ್ಲ' ಎನ್ನುವುದಿಲ್ಲ, ಯಾರೂ ಕೊಡುವುದೂ ಇಲ್ಲ. ಆಸ್ಪತ್ರೆಯ ಪಕ್ಕದ ಮನೆಯವರು ಗಂಡ ಏನು ಮಾಡುತ್ತಾರೆ ಎಂದು ಕೇಳಿದರು, ಲಾರಿ ಎಂದೆ. ಹೊತ್ತಲ್ಲದ ಹೊತ್ತಿನಲ್ಲಿ ಗಂಡಸು ಬಂದು ಹೋಗುವ ಮನೆ ನಮಗೆ ಬೇಡ ಎಂದು ಅವರು ಬಾಯಿ ಬಿಟ್ಟು ಹೇಳಲಿಲ್ಲ, ಮಗನಿಗೆ ಮದುವೆ ಗೊತ್ತಾಗಿದೆ ಎಂದರು. ಆ ಮಗ ಆಗ ಒಂಬತ್ತನೇ ಕ್ಲಾಸು. ಹಾಲಿನ ಡೇರಿಯ ಹಿಂದಿನ ಮನೆಯವರು ಒಳ್ಳೆಯವರು, ಕೊಡುತ್ತೇವೆ ಎಂದರು. ಅರಿಶಿನ ಬೇಯಿಸಿ ಒಣಗಿಸುವ ಕಾಲದಲ್ಲಿ ಮಾತ್ರ ನಡುಮನೆಯಲ್ಲಿ ಮೂಟೆ ಇಡಬೇಕು, ಆಗ ಎರಡು ತಿಂಗಳು ನೀವು ಎಲ್ಲಾದರೂ ಇರಿ ಎಂದರು. ಇನ್ನೊಬ್ಬರು ಸುತ್ತಿ ಬಳಸಿ ನಮ್ಮ ಮನೆದೇವರು ಯಾವುದು ಎಂದು ಕೇಳಿದರು. ಯಾಕೆ ಕೇಳುತ್ತಾರೆ ಎಂದು ಗೊತ್ತಿದ್ದರೂ ಹೇಳಿದೆ. ತಕ್ಷಣ ಅವರಿಗೆ ನೀರಿನ ಮೋಟಾರು ಕೆಟ್ಟಿರುವುದು ನೆನಪಾಯಿತು. ಹೀಗೆ ಮೇ ತಿಂಗಳು ಮುಗಿಯುತ್ತಾ ಬಂತು.

ದೊಡ್ಡವ್ವ ಬಿಪಿ ಮಾತ್ರೆಗೆ ಬರುತ್ತಿದ್ದವರು. ಐವತ್ತು ದಾಟಿದ ವಯಸ್ಸು, ಗಟ್ಟಿ ಆಳು, ಕೈಬಳೆಯನ್ನು ಮೊಣಕೈವರೆಗೆ ಏರಿಸಿಕೊಂಡೇ ನಿಲ್ಲುತ್ತಿದ್ದರು, ಯಾವ ಗಳಿಗೆಯಲ್ಲಿ ಯಾವ ಕೆಲಸ ಬಂದೀತೋ ಎಂಬ ಹಾಗೆ. ಅವತ್ತು ನಾನು ಆಯಾಳ ಹತ್ತಿರ ಮೋಟಾರು ಕೆಟ್ಟ ಕತೆ ಹೇಳಿಕೊಂಡು ನಗುತ್ತಿದ್ದೆ. ನಗದೆ ಇನ್ನೇನು ಮಾಡುವುದು. ದೊಡ್ಡವ್ವ ಕೇಳಿಯೂ ಕೇಳದವರ ಹಾಗೆ ಮಾತ್ರೆ ಸೆರಗಿನ ತುದಿಗೆ ಗಂಟು ಹಾಕಿಕೊಂಡರು. ಬಾಗಿಲ ತನಕ ಹೋಗಿ ತಿರುಗಿ, "ಬೈಗೊತ್ಗೆ ನಮ್ಮಟ್ಟಿ ತಾವ್ಕೆ ಬಾ ಕಣಮ್ಮಿ" ಎಂದರು. ಆ ಕಡೆಯ ಬಾಯಲ್ಲಿ ಬೈಗೊತ್ತು ಎಂದರೆ ಸಂಜೆ, ಅಟ್ಟಿ ಎಂದರೆ ಮನೆ.

ಹೋದೆ. ಒಂದೇ ಗೋಡೆಯನ್ನು ಹಂಚಿಕೊಂಡ ಎರಡು ಮನೆ. ಒಂದು ತಾರಸಿಯದು, ಅದರಲ್ಲಿ ಅವರೂ ಅವರ ಮಗನೂ ಇದ್ದರು. ಇನ್ನೊಂದು ಹಳೆಯದು, ನಾಡಹೆಂಚು, ಉದ್ದನೆಯ ಜಗುಲಿ, ತಲೆ ತಗ್ಗಿಸಿ ಹೋಗಬೇಕಾದ ಬಾಗಿಲು, ಬಾಗಿಲಿಗೆ ಬೀಗ. ನನ್ನನ್ನು ಆ ಹಳೆಯ ಜಗುಲಿಯ ಮೇಲೆ ಕೂರಿಸಿ ವಿಚಾರಣೆ ಶುರು ಮಾಡಿದರು. ಎಷ್ಟೊತ್ತಿಗೆ ಏಳುತ್ತೀಯ? ಎದ್ದ ಮೇಲೆ ಬಾಗಿಲಿಗೆ ನೀರು ಹಾಕುವುದು ಮೊದಲೋ ಕಾಫಿ ಕುಡಿಯುವುದು ಮೊದಲೋ? ಕೂಸು ಹಟಮಾರಿಯೇ? ಮುದ್ದೆ ತೊಳಸುವಾಗ ಗಂಟು ಕಟ್ಟುತ್ತದೆಯೇ? ಆಮೇಲೆ ಆ ಉಪ್ಸಾರಿನ ಪ್ರಶ್ನೆ. ಕಾಳು ಬೆಂದ ಮೇಲೆ ಉಪ್ಪು ಹಾಕುತ್ತೇನೆ ಎಂದೆ. ದೊಡ್ಡವ್ವ ಬೀಗ ಹಾಕಿದ ಬಾಗಿಲ ಕಡೆ ಮುಖ ಮಾಡಿ, "ಕೇಳುಸ್ತಾ?" ಎಂದರು.

ಯಾರನ್ನು ಕೇಳುತ್ತಿದ್ದೀರಿ ಎಂದೆ. ಮನೆ ಅತ್ತೆಯದಂತೆ, ಅತ್ತೆಗೆ ಒಪ್ಪಿದರೆ ಮಾತ್ರ ಕೊಡುವುದಂತೆ. ಅತ್ತೆಯವರು ಎಲ್ಲಿದ್ದಾರೆ ಎಂದರೆ, "ಒಳಗೇ ಅವ್ಳೆ" ಎಂದರು. ಹೊರಗಿನಿಂದ ಬೀಗ, ಒಳಗೆ ಮುದುಕಿ! ನರ್ಸು ಕೆಲಸದಲ್ಲಿ ಎಂತೆಂಥ ಮನೆ ನೋಡಿದ್ದೇನೆ, ಇದೇನು ಹೀಗೆ ಎಂದು ಎದ್ದೇಬಿಟ್ಟೆ. ಅಷ್ಟರಲ್ಲಿ ಅವರ ಮಗ ಹೊಲದಿಂದ ಬಂದವನು ನನ್ನ ಮುಖ ನೋಡಿ ನಗಲಿಕ್ಕೆ ಶುರು ಮಾಡಿದ. ಅಜ್ಜಿ ತೀರಿಕೊಂಡು ವರ್ಷಗಳಾದವು, ಅವ್ವ ಹೀಗೇ ಮಾತಾಡುತ್ತದೆ ಎಂದ. ಬೀಗ ತೆಗೆದು ಮನೆ ತೋರಿಸಿದವನೂ ಅವನೇ. ದೊಡ್ಡವ್ವ ಹೊಸಿಲಿನ ಆಚೆಯೇ ನಿಂತಿದ್ದರು. ಒಳಗೆ ನಡುಮನೆಯ ಗೋಡೆಯ ಮೇಲೆ ಹಾರ ಹಾಕಿದ ಫೋಟೋದಲ್ಲಿ ಒಬ್ಬ ಮುದುಕಿ ಯಾರನ್ನೂ ನಂಬದ ಕಣ್ಣಿನಿಂದ ನೋಡುತ್ತಿದ್ದರು.

ಇವರು ಮನೆದೇವರನ್ನು ಕೇಳಲಿಲ್ಲ. ಮುಂದೆ ರಾಮಾಯಣ ಆಗುವುದು ಬೇಡ ಎಂದು ನಾನೇ ನಮ್ಮ ಜನ ಯಾವುದು ಎಂದು ಹೇಳಿಬಿಟ್ಟೆ. ಅವರದಕ್ಕೂ ನಮ್ಮದಕ್ಕೂ ಆ ಊರಿನ ಲೆಕ್ಕದಲ್ಲಿ ಮೂರು ಬೀದಿ ದೂರ. ದೊಡ್ಡವ್ವ, "ಅದ ನಾನು ಕೇಳ್ನಿಲ್ವಲ್ಲ" ಎಂದರು, ಅಷ್ಟೇ. ನನಗಿಂತ ಮೊದಲು ಕೇಳಿಕೊಂಡು ಬಂದಿದ್ದ ಒಬ್ಬ ಮೇಷ್ಟ್ರನ್ನು ಹೊತ್ತು ಹುಟ್ಟಿದ ಮೇಲೆ ಏಳುತ್ತಾನೆ ಎಂದೂ, ಬ್ಯಾಂಕಿನ ಹುಡುಗನೊಬ್ಬನನ್ನು ನೂಡಲ್ಸು ಬೇಯಿಸಿಕೊಂಡು ತಿನ್ನುತ್ತಾನೆ ಎಂದೂ ಅತ್ತೆಯ ಪರವಾಗಿ ವಾಪಸು ಕಳಿಸಿದ್ದರಂತೆ. ನನಗೆ ಒಂದೇ ಷರತ್ತು. ಮಹಾಲಯ ಅಮಾವಾಸ್ಯೆಯ ದಿವಸ ಮನೆ ಹಿರಿಯರಿಗೆ ಬಿಡಬೇಕು, ಅವತ್ತಿನ ಎಡೆಯ ಅಡುಗೆಯನ್ನು ಆ ಮನೆಯ ಒಲೆಯ ಮೇಲೆ ನಾನೇ ಮಾಡಿಕೊಡಬೇಕು. ಮನೆ ಸಿಕ್ಕ ಸಂತೋಷದಲ್ಲಿ ನಾನು ಊರಿಗೆಲ್ಲ ಅಡುಗೆ ಮಾಡು ಎಂದಿದ್ದರೂ ಒಪ್ಪುತ್ತಿದ್ದೆ.

ಮಗಳು ಬಂದಳು. ಮೊದಲ ವಾರ ಗುಂಡ್ಲುಪೇಟೆಯ ಅಮ್ಮ ಬೇಕು ಎಂದು ಅತ್ತಳು, ಎರಡನೇ ವಾರ ಬೀದಿಯ ಮಕ್ಕಳ ಜೊತೆ ಸೇರಿದಳು. ಒಂದು ದಿವಸ ಯಾರೋ ನಿನ್ನ ಮನೆ ಎಲ್ಲಿ ಎಂದು ಕೇಳಿದ್ದಕ್ಕೆ ಆ ನಾಡಹೆಂಚಿನ ಮನೆಯನ್ನು ತೋರಿಸಿ, "ನಮ್ಮಟ್ಟಿ" ಎಂದಳು. ಯಜಮಾನರು ಲಾರಿಯಿಂದ ಇಳಿದು ಬಂದ ದಿನ ದೊಡ್ಡವ್ವ ಜಗುಲಿಯಿಂದಲೇ, "ಬಂದ್ಯೇನಪ್ಪಾ, ಕೂಸು ಕಾಯ್ತಿತ್ತು" ಎಂದು ಬೀದಿಗೆಲ್ಲ ಕೇಳುವ ಹಾಗೆ ಕೂಗುತ್ತಿದ್ದರು. ಅದು ನಮಗೆ ಹೇಳಿದ ಮಾತಲ್ಲ ಎಂದು ನನಗೆ ತಡವಾಗಿ ತಿಳಿಯಿತು. ಅಷ್ಟು ಕೂಗಿದ ಮೇಲೆ ಲಾರಿಯವನು ಯಾರು, ಯಾರ ಗಂಡ ಎಂದು ಬೀದಿಯಲ್ಲಿ ಯಾರೂ ಪಿಸುಗುಟ್ಟಬೇಕಾಗಿ ಬರಲಿಲ್ಲ.

ಅವರಿಗೆ ಗೋಡೆಯ ಜೊತೆ ಮಾತಾಡುವ ಚಾಳಿ. ಅಡುಗೆಮನೆಯ ಗೋಡೆ ಎರಡು ಮನೆಗೂ ಒಂದೇ ಆದ್ದರಿಂದ ನನಗೆ ಎಲ್ಲವೂ ಕೇಳುತ್ತಿತ್ತು. ಮಳೆ ಬಂತು, ಬರಲಿಲ್ಲ, ಸಣ್ಣೀರುಳ್ಳಿಗೆ ರೇಟು ಬಿತ್ತು, ಮಗನಿಗೆ ತೋರಿಸಿದ ಹುಡುಗಿ ಬಹಳ ಉದ್ದ, ಎಲ್ಲವನ್ನೂ ಅತ್ತೆಗೆ ವರದಿ ಒಪ್ಪಿಸುತ್ತಿದ್ದರು. ವರದಿಯ ಕೊನೆಗೆ ಒಂದು ಕೊಂಕು ಇದ್ದೇ ಇರುತ್ತಿತ್ತು: ನೀನಿದ್ದಿದ್ದರೆ ಇದಕ್ಕೂ ಒಂದು ಹೆಸರಿಡುತ್ತಿದ್ದೆ. ನಾನು ಆ ಕಡೆಯಿಂದ ಕೆಮ್ಮಿದರೆ, "ನಿಂಗಲ್ಲ ಕಣಮ್ಮಿ, ನೀ ಕ್ಯಾಮೆ ನೋಡ್ಕೊ" ಎನ್ನುತ್ತಿದ್ದರು. ಇಷ್ಟೆಲ್ಲ ಮಾತಾಡುವವರು ಒಂದು ದಿವಸವೂ ಹೊಸಿಲು ದಾಟಿ ಒಳಗೆ ಬರಲಿಲ್ಲ. ಮಗಳಿಗೆ ಜ್ವರ ಬಂದಾಗಲೂ ಗಂಜಿಯ ಪಾತ್ರೆಯನ್ನು ಹೊಸಿಲ ಮೇಲಿಟ್ಟು ಹೊರಗೇ ಕೂತಿದ್ದರು.

ಯಾಕೆ ಎಂಬುದನ್ನು ಅವರು ಒಂದೇ ಸಲ ಹೇಳಿದವರಲ್ಲ, ತುಂಡು ತುಂಡಾಗಿ ಹೇಳಿದರು. ಮದುವೆಯಾಗಿ ಬಂದ ಹೊಸದರಲ್ಲಿ ಕಳೆ ಕೀಳುವ ಹೆಣ್ಣಾಳುಗಳಿಗೆ ಅವರು ಉಪ್ಸಾರು ಮಾಡಿ ಹೊತ್ತುಕೊಂಡು ಹೋಗಿದ್ದರಂತೆ. ಅತ್ತೆ ಒಂದು ಗುಟುಕು ಕುಡಿದು, ಇದನ್ನು ಎಮ್ಮೆಯೂ ಕುಡಿಯುವುದಿಲ್ಲ ಎಂದು ಎಲ್ಲರ ಮುಂದೆ ಬದುವಿನ ಮೇಲೆ ಚೆಲ್ಲಿದರಂತೆ. ಕಳೆಯವರು ನಕ್ಕರು. ಸೊಸೆ ಅಲ್ಲೇ ನಿಂತು, ಇನ್ನು ಈ ಜನ್ಮದಲ್ಲಿ ನಿನ್ನ ಹೊಸಿಲು ತುಳಿದರೆ ನನ್ನ ತಾಳಿಯಾಣೆ ಎಂದುಬಿಟ್ಟರು. ಗಂಡ ಪಾಪದವರು, ಎರಡು ಕಡೆಯೂ ಮಾತಾಡಲಾರದೆ ಪಕ್ಕದಲ್ಲೇ ಅದೇ ಗೋಡೆಗೆ ಸೇರಿಸಿ ಇನ್ನೊಂದು ಮನೆ ಕಟ್ಟಿದರು, ಕಟ್ಟಿ ಕೆಲವೇ ವರ್ಷಕ್ಕೆ ತೀರಿಕೊಂಡರು. ತಾಳಿ ಹೋಯಿತು, ಆಣೆ ಮಾತ್ರ ಉಳಿಯಿತು. ಮಗನನ್ನು ಕಳೆದುಕೊಂಡವಳು ಆ ಕಡೆ, ಗಂಡನನ್ನು ಕಳೆದುಕೊಂಡವಳು ಈ ಕಡೆ, ನಡುವೆ ಗೋಡೆ. ಮುದುಕಿ ಹಾಸಿಗೆ ಹಿಡಿದಾಗ ದೊಡ್ಡವ್ವ ಎರಡು ಹೊತ್ತೂ ಬೇಯಿಸಿ ಮಗನ ಕೈಲಿ ಕಳಿಸಿದರು. ಅದನ್ನು ಉಂಡರೋ ಬೈದರೋ ಮಗ ಹೇಳಲಿಲ್ಲ, ಇವರೂ ಕೇಳಲಿಲ್ಲ.

ಅತ್ತೆ ಹೋದ ಮೇಲೆ ಮಹಾಲಯಕ್ಕೆ ಎಡೆ ಇಟ್ಟರೆ ಕಾಗೆ ಮುಟ್ಟಲಿಲ್ಲ. ತಾರಸಿ ಮನೆಯಲ್ಲಿ ಇಟ್ಟು ನೋಡಿದರು, ಹಳೇ ಜಗುಲಿಯ ಮೇಲೆ ಇಟ್ಟು ನೋಡಿದರು. ಬಾಳಿದ ಮನೆಯಲ್ಲೇ ಇಡಬೇಕು, ಒಲೆ ಉರಿಯದ ಮನೆಗೆ ಹಿರಿಯರು ಬರುವುದಿಲ್ಲ ಎಂದು ತಿಳಿದವರು ಹೇಳಿದರು. ಒಲೆ ಹಚ್ಚೋಣವೆಂದರೆ ಮನೆಗೆ ಹೆಣ್ಣೆಂದು ಇರುವವರು ದೊಡ್ಡವ್ವ ಒಬ್ಬರೇ, ಅವರಿಗೆ ಆಣೆ ಅಡ್ಡ. ಬಾಡಿಗೆಗೆ ಒಬ್ಬರು ಬೇಕಾದದ್ದು ಅದಕ್ಕೆ. ಅಂದರೆ ಅತ್ತೆಗೆ ಉಪ್ಪು ಸರಿಯಾಗಿ ಹಾಕಬಲ್ಲ ಒಬ್ಬ ಸೊಸೆಯನ್ನು ದೊಡ್ಡವ್ವ ಹುಡುಕುತ್ತಿದ್ದರು, ಸಿಕ್ಕವಳು ನಾನು.

ಪಿತೃಪಕ್ಷ ಹತ್ತಿರ ಬಂತು. ಅತ್ತೆಯ ಮೈದುನ, ದೊಡ್ಡವ್ವನಿಗೆ ಚಿಕ್ಕಮಾವನಾಗಬೇಕಾದ ಮುದುಕರೊಬ್ಬರು ಅದೇ ಊರಿನಲ್ಲಿದ್ದರು. ಆ ಮನೆತನಕ್ಕೆ ಉಳಿದ ಹಿರಿಯರು ಅವರೇ, ಅವರು ಬಂದು ಕಾಯಿ ಒಡೆಯದೆ ಎಡೆ ಆಗುವುದಿಲ್ಲ. ನಾನು ಆಸ್ಪತ್ರೆಯಿಂದ ಬರುವಾಗ ಅವರು ಜಗುಲಿಯಲ್ಲಿ ಕೂತು ಮಾತಾಡುತ್ತಿದ್ದರು, ನನ್ನನ್ನು ನೋಡಿದ ಮೇಲೂ ದನಿ ತಗ್ಗಿಸಲಿಲ್ಲ. "ಬಾಡ್ಗೆಯವ್ಳು ಬೇಯ್ಸಿದ್ದ ನಮ್ಮತ್ಗೆಗೆ ಇಕ್ಕೀಯಾ? ಅದೂ ಬ್ಯಾರೆ ಜನ. ಅವಳ್ನ ಕಳ್ಸು, ಮನೆ ತೊಳ್ಸು. ಇಲ್ದಿದ್ರೆ ನಾವ್ಯಾರೂ ಎಡೆಗೆ ಬರಲ್ಲ."

ನಾನು ಒಳಗೆ ಹೋಗಿ ಚಿಲಕ ಹಾಕಿಕೊಂಡೆ. ಮಗಳು ನೆಲದ ಮೇಲೆ ಕೂತು ಸ್ಲೇಟಿನ ಮೇಲೆ ಮನೆ ಬರೆಯುತ್ತಿದ್ದಳು, ಹೆಂಚು ಒಂದೊಂದನ್ನೂ ಬಿಡದೆ. ಮತ್ತೆ ಗುಂಡ್ಲುಪೇಟೆ, ಮತ್ತೆ ಎರಡು ಬಸ್ಸು, ಮತ್ತೆ ನರ್ಸಮ್ಮ. ಸಿಟ್ಟು ಬಂತು, ಸಿಟ್ಟಿಗಿಂತ ಹೆಚ್ಚಾಗಿ ಹೆದರಿಕೆ ಬಂತು. ಒಂದು ಮಾತು ಹೇಳಬೇಕು: ಆ ಮುದುಕರ ಮಾತಿಗೆ ನನಗೆ ಆಶ್ಚರ್ಯವೇನೂ ಆಗಲಿಲ್ಲ. ದೊಡ್ಡವ್ವ ಏನೂ ಹೇಳದೆ ಕೂತದ್ದಕ್ಕೆ ನೋವಾಯಿತು. ಆ ವಾರವೆಲ್ಲ ಅವರು ಗೋಡೆಯ ಜೊತೆಗೂ ಮಾತಾಡಲಿಲ್ಲ. ನಾನು ಪಾತ್ರೆಗಳನ್ನು ಒಂದೊಂದಾಗಿ ರಟ್ಟಿನ ಪೆಟ್ಟಿಗೆಗೆ ತುಂಬತೊಡಗಿದೆ.

ಅಮಾವಾಸ್ಯೆಯ ಬೆಳಿಗ್ಗೆ ಬಾಗಿಲು ತಟ್ಟಿದ ಸದ್ದಾಯಿತು. ತೆಗೆದರೆ ದೊಡ್ಡವ್ವ. ತಲೆಗೆ ಸ್ನಾನ ಮಾಡಿ ಒದ್ದೆ ಕೂದಲನ್ನು ಗಂಟು ಹಾಕಿದ್ದರು, ಕೈಯಲ್ಲಿ ಅಕ್ಕಿಯ ಮೊರ. ಹಿಂದೆ ಜಗುಲಿಯ ಮೇಲೆ ಚಿಕ್ಕಮಾವ ನಿಂತಿದ್ದರು, ನಾನು ಹೊರಟೆನೋ ಇಲ್ಲವೋ ನೋಡಲು ಬಂದಿದ್ದರು ಎಂದು ಕಾಣುತ್ತದೆ. ದೊಡ್ಡವ್ವ ಅವರ ಕಡೆ ತಿರುಗಿ, ಮನೆ ಸೊಸೆ ಬೇಯಿಸಿದರೆ ನಿನಗೆ ಅಡ್ಡಿಯಿಲ್ಲವಲ್ಲ ಎಂದು ಕೇಳಿದರು. ನೀನು ಆಣೆ ಇಟ್ಟವಳಲ್ಲವೇ ಎಂದರು ಮುದುಕರು.

"ಆಣೆ ಇಕ್ಕಿದೋಳು ನಾನು, ಮುರ್ಕಳೋಳೂ ನಾನೇ. ಪಾಪ ಬಂದ್ರೆ ನಂಗೆ ಬರ್ಲಿ. ಆ ಕೂಸು ಇಸ್ಕೂಲು ಬುಟ್ಟು ಓಗದು ಬ್ಯಾಡ."

ಅಷ್ಟು ಹೇಳಿ ಹೊಸಿಲ ಮುಂದೆ ನಿಂತರು. ಕಾಲೆತ್ತಿದರು, ಇಳಿಸಿದರು. ಆಮೇಲೆ ತಲೆ ತಗ್ಗಿಸಿ ಆ ಗಿಡ್ಡ ಬಾಗಿಲೊಳಗೆ ಬಲಗಾಲಿಟ್ಟು ಬಂದರು. "ಬಂದೆ ಕಣತ್ತೆ, ಬೈಬ್ಯಾಡ" ಎಂದು ಮೆಲ್ಲಗೆ ಹೇಳಿದ್ದು ನನಗೊಬ್ಬಳಿಗೇ ಕೇಳಿಸಿತು. ಫೋಟೋದ ಕಡೆ ನೋಡದೆ ನೇರವಾಗಿ ಅಡುಗೆಮನೆಗೆ ಹೋದರು.

ನಾನು ಒಲೆ ಮುಟ್ಟುವಂತಿರಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ಕೂತು, ಎಣ್ಣೆ ಆ ಡಬ್ಬಿಯಲ್ಲಿದೆ, ಮೆಣಸಿನಕಾಯಿ ಈ ಪೆಟ್ಟಿಗೆಯಲ್ಲಿ ತುಂಬಿಬಿಟ್ಟಿದ್ದೇನೆ ಎಂದು ಹೇಳುತ್ತಿದ್ದೆ. ಯಾಕೆ ತುಂಬಿದೆ ಎಂದು ಅವರು ಕೇಳಲಿಲ್ಲ. ಕಜ್ಜಾಯ ಮಾಡಿದರು, ವಡೆ ಮಾಡಿದರು, ಕೋಳಿಸಾರು ಮಾಡಿದರು. ಕೊನೆಗೆ ಹುರುಳಿಕಾಳು, ಸೊಪ್ಪು ಹಾಕಿ ಉಪ್ಸಾರಿಗೆ ಇಟ್ಟರು. ಎಡೆಯ ಅಡುಗೆಯನ್ನು ಯಾರೂ ರುಚಿ ನೋಡುವಂತಿಲ್ಲ, ಹಿರಿಯರಿಗಿಂತ ಮೊದಲು ನಾಲಿಗೆಗೆ ತಾಗಬಾರದು. ಉಪ್ಪಿನ ಮರಿಗೆಗೆ ಕೈ ಹಾಕಿದವರು ನನ್ನ ಮುಖ ನೋಡಿದರು. ನಾನು ಸಾಕು ಎನ್ನಬೇಕೋ ಇನ್ನಷ್ಟು ಎನ್ನಬೇಕೋ ತಿಳಿಯದೆ ಸುಮ್ಮನಿದ್ದೆ. ಹಾಕಿದರು.

ನಡುಮನೆಯಲ್ಲಿ ಫೋಟೋದ ಮುಂದೆ ಹೊಸ ಸೀರೆ ಇಟ್ಟು ಎಡೆ ಇಟ್ಟರು. ಮುದುಕರು ಕಾಯಿ ಒಡೆದರು. ಹೆಂಚಿನ ಮೇಲೆ ಇಟ್ಟ ಎಡೆಗೆ ಕಾಗೆ ಬಂತು, ವಡೆ ಎತ್ತಿಕೊಂಡು ಹೋಯಿತು, ಮತ್ತೆ ಬಂದು ಕಜ್ಜಾಯ ಎತ್ತಿಕೊಂಡು ಹೋಯಿತು. ಎಲ್ಲರಿಗೂ ನಿರಾಳವಾಯಿತು. ಊಟಕ್ಕೆ ಕೂತರು. ಚಿಕ್ಕಮಾವ ಮುದ್ದೆ ಮುರಿದು ಉಪ್ಸಾರಿಗೆ ಅದ್ದಿ ನುಂಗಿ, ಲೋಟ ನೀರು ಎತ್ತಿ ಗಟಗಟ ಕುಡಿದರು. ದೊಡ್ಡವ್ವನ ಮಗ ಎಲೆಯಿಂದ ತಲೆ ಎತ್ತಲಿಲ್ಲ. ದೊಡ್ಡವ್ವನಿಗೆ ಅನುಮಾನ ಬಂತು. ಅಂಗೈಗೆ ಒಂದು ಸೌಟು ಹಾಕಿಕೊಂಡು ನೆಕ್ಕಿದರು. ಬರೀ ಉಪ್ಪು.

ಅವರು ನಗಲಿಕ್ಕೆ ಶುರು ಮಾಡಿದ್ದು ನೋಡಿ ನಮಗೆಲ್ಲ ಗಾಬರಿಯಾಯಿತು. ಸೌಟು ಹಿಡಿದುಕೊಂಡೇ ಗೋಡೆಗೆ ಒರಗಿ ನಕ್ಕರು, ನಗುತ್ತ ನಗುತ್ತಲೇ ಅಳು ಬಂತು. "ನಮ್ಮತ್ತೆ ಸುಳ್ಳೇಳ್ನಿಲ್ಲ ಕಣಮ್ಮಿ. ದಿಟವಾಗ್ಲೂ ಎಮ್ಮೆ ಕುಡಿಯಾಕಿಲ್ಲ ಇದ" ಎಂದರು. ಆಮೇಲೆ ಮೊದಲ ಸಲ ಫೋಟೋದ ಮುಂದೆ ಹೋಗಿ ಕೂತರು. ಅಲ್ಲಿ ಏನು ಹೇಳಿದರೋ, ನಾವೆಲ್ಲ ಎದ್ದು ಹೊರಗೆ ಬಂದೆವು. ಮುದುಕರು ಕೈ ತೊಳೆದುಕೊಂಡು ನನ್ನ ಕಡೆ ನೋಡದೆ, ಈ ಮನೆ ಜಗುಲಿಗೆ ಸಾರಣೆ ಆಗಬೇಕು, ಮಳೆಗಾಲದಲ್ಲಿ ಕೂಸು ಜಾರೀತು ಎಂದರು. ಮನೆ ಖಾಲಿ ಮಾಡುವ ಸುದ್ದಿ ಆಮೇಲೆ ಎತ್ತಲಿಲ್ಲ. ಹಾಗೆಂದು ಅವರೇನು ಬದಲಾದವರಲ್ಲ, ಬದುಕಿರುವ ತನಕ ನಮ್ಮ ಮನೆಯ ನೀರು ಕುಡಿಯಲಿಲ್ಲ. ನಾನೂ ಕೊಡಲು ಹೋಗಲಿಲ್ಲ.

ಅವತ್ತಿನಿಂದ ದೊಡ್ಡವ್ವ ಹೊಸಿಲಾಚೆ ನಿಂತವರಲ್ಲ. ಮಧ್ಯಾಹ್ನ ಮನೆಗೆ ಬಂದರೆ ನಡುಮನೆಯಲ್ಲಿ ಕಾಲು ಚಾಚಿ ಮಲಗಿರುತ್ತಿದ್ದರು. ಅತ್ತೆಯ ಮನೆಯಷ್ಟು ತಂಪು ತಾರಸಿ ಮನೆಯಲ್ಲಿ ಎಲ್ಲಿದೆ, ಹಟ ಮಾಡಿ ಇಷ್ಟು ವರ್ಷ ಬಿಸಿಲಲ್ಲಿ ಬೆಂದೆನಲ್ಲ ಎನ್ನುತ್ತಿದ್ದರು. ನನ್ನ ಪಕ್ಕದಲ್ಲಿ ಕೂತು ಉಪ್ಸಾರು ಕಲಿತರು, ಕಲಿತರು ಎನ್ನುವುದಕ್ಕಿಂತ ಪ್ರಯತ್ನಪಟ್ಟರು. ಅವರ ಕೈಯಲ್ಲಿ ಒಂದು ದಿನ ಉಪ್ಪು ಜಾಸ್ತಿ, ಒಂದು ದಿನ ಇಲ್ಲವೇ ಇಲ್ಲ. ಗೋಡೆಯ ಜೊತೆಗಿನ ಮಾತು ನಿಂತುಹೋಯಿತು. ಯಾಕೆ ಎಂದರೆ, ಮುಖ ನೋಡಿಕೊಂಡೇ ಮಾತಾಡುವಾಗ ಗೋಡೆ ಯಾಕೆ ಎಂದರು.

ಮಗಳು ಹೈಸ್ಕೂಲಿಗೆ ಬರುವ ಹೊತ್ತಿಗೆ ನನಗೆ ಚಾಮರಾಜನಗರಕ್ಕೆ ವರ್ಗವಾಯಿತು. ಹೊರಟ ದಿವಸ ದೊಡ್ಡವ್ವ ಅಳಲಿಲ್ಲ, ಸಾಮಾನು ಹೇರುವವರನ್ನು ಬೈಯುತ್ತಲೇ ಇದ್ದರು. ಒಂದೆರಡು ಸಲ ನಮ್ಮ ಮನೆಗೆ ಬಂದು ಇದ್ದು ಹೋದರು. ನಮ್ಮ ಬಡಾವಣೆಯ ಗೇಟುಗಳ ಮೇಲೆಲ್ಲ ನೇತು ಹಾಕಿದ ಬೋರ್ಡುಗಳಲ್ಲಿ ಏನು ಬರೆದಿದೆ ಎಂದು ಮಗಳನ್ನು ಕೇಳಿದರು. ಮನೆ ಬಾಡಿಗೆಗೆ ಇದೆ ಎಂದು ಬರೆದಿದೆ ಎಂದಳು. "ಯಾರು ಬತ್ತಾರೋ ಏನೋ, ಬೋರ್ಡು ಆಕ್ಬುಟ್ಟು ಒಳಗೆ ಕೂತವ್ರಲ್ಲ. ಇವ್ರ ಅಟ್ಟಿಲಿ ಹಿರೇರಿಲ್ವಾ?" ಎಂದು ಅವರಿಗೆ ಬಹಳ ಕನಿಕರವಾಯಿತು. ಹಳೆ ಮನೆಗೆ ನಾನು ಬಿಟ್ಟ ಮೇಲೆ ಬೇರೆ ಬೇರೆ ಜನ ಬಂದರು, ಹೋದರು. ಪ್ರತಿಯೊಬ್ಬರನ್ನೂ ಅವರು ಅದೇ ಜಗುಲಿಯ ಮೇಲೆ ಕೂರಿಸಿ ಅದೇ ವಿಚಾರಣೆ ನಡೆಸಿದರು ಎಂದು ಅವರ ಮಗ ನಗುತ್ತ ಹೇಳುತ್ತಿದ್ದ.

ಮಾಘದ ಆ ಬೆಳಿಗ್ಗೆ ಫೋನ್ ಮಾಡಿದವನೂ ಅವನೇ. "ಅವ್ವ ಓಗ್ಬುಡ್ತು ಕಣಕ್ಕ." ನಾನೂ ಯಜಮಾನರೂ ಸಿಕ್ಕ ಬಸ್ಸು ಹತ್ತಿದೆವು. ಊರು ಮುಟ್ಟಿದಾಗ ಬೀದಿಯಲ್ಲಿ ಜನ ಸೇರಿತ್ತು. ದೊಡ್ಡವ್ವ ಇನ್ನೂ ತಾರಸಿ ಮನೆಯ ಮಂಚದ ಮೇಲೇ ಇದ್ದರು. ಮೊಣಕೈವರೆಗೆ ಏರಿಸಿದ ಬಳೆ ಕೆಳಗೆ ಜಾರಿತ್ತು, ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ.

ಮಗ ನನ್ನನ್ನು ಪಕ್ಕಕ್ಕೆ ಕರೆದ. ಸತ್ತರೆ ಅತ್ತೆಯ ನಡುಮನೆಯಲ್ಲಿ ಮಲಗಿಸಬೇಕು, ಅಲ್ಲಿಂದಲೇ ಎತ್ತಬೇಕು ಎಂದು ಅವ್ವ ಹೇಳಿತ್ತು ಎಂದ. ಆ ಮನೆಯಲ್ಲಿ ಈಗ ಪಂಚಾಯಿತಿಯಲ್ಲಿ ಕಂಪ್ಯೂಟರ್ ಕೆಲಸ ಮಾಡುವ ಹುಡುಗಿ, ಅವಳ ಗಂಡ, ಹಸುಗೂಸು. ಬಂದು ಇನ್ನೂ ವರ್ಷವಾಗಿಲ್ಲ. ಬಾಡಿಗೆಗೆ ಇರುವವರ ಮನೆಯೊಳಗೆ ಹೆಣ ಮಲಗಿಸುತ್ತೇವೆ ಎಂದು ಯಾವ ಬಾಯಿಂದ ಕೇಳುವುದು, ಅದೂ ತೊಟ್ಟಿಲಿರುವ ಮನೆ? ಬೇಡ ಎಂದರೆ ಬಲವಂತ ಮಾಡುವ ಹಾಗಿಲ್ಲ. ಹೂಂ ಎಂದು ಆಮೇಲೆ ಹೆದರಿ ಮನೆ ಬಿಟ್ಟು ಹೋದರೆ ಅವ್ವ ಇಟ್ಟುಕೊಂಡ ಮನೆಯನ್ನು ನಾವೇ ಕೆಡಿಸಿದ ಹಾಗೆ. ಅವನು ಬೆಳಗಿನಿಂದ ಆ ಬಾಗಿಲ ತನಕ ಹೋಗಿ ಹೋಗಿ ಬಂದಿದ್ದನಂತೆ. ನಾನು ಕೇಳುತ್ತೇನೆ ಎಂದೆ. ನಾನೂ ಅಲ್ಲಿ ಬಾಡಿಗೆಗೆ ಇದ್ದವಳೇ, ನನಗೂ ಕೂಸಿತ್ತು. ಯಾರಾದರೂ ಬಂದು ಹೀಗೆ ಕೇಳಿದ್ದರೆ ಏನು ಹೇಳುತ್ತಿದ್ದೆ ಎಂದು ಜಗುಲಿ ಹತ್ತುವಾಗ ಯೋಚಿಸಿದೆ.

ಬಾಗಿಲು ಓರೆಯಾಗಿತ್ತು. ತಲೆ ತಗ್ಗಿಸಿ ಒಳಗೆ ಹೋದೆ. ನಡುಮನೆಯಲ್ಲಿ ಒಂದು ಸಾಮಾನೂ ಇರಲಿಲ್ಲ. ಮಂಚ, ಟಿವಿ, ಬಟ್ಟೆಯ ರಾಶಿ ಎಲ್ಲವನ್ನೂ ಅಡುಗೆಮನೆಗೆ ಸಾಗಿಸಿದ್ದರು, ತೊಟ್ಟಿಲು ಬಿಚ್ಚಿ ಹಗ್ಗ ಸುತ್ತಿ ಮೂಲೆಗೆ ಇಟ್ಟಿದ್ದರು. ಫೋಟೋದ ಕೆಳಗೆ ದೀಪ ಹಚ್ಚಿತ್ತು. ಆ ಹುಡುಗಿ ಮೊಣಕಾಲೂರಿ ನೆಲ ಒರೆಸುತ್ತಿದ್ದಳು. ಕೂಸು ಎಲ್ಲಿ ಎಂದೆ. ಪಕ್ಕದ ಬೀದಿಗೆ ಕೊಟ್ಟು ಬಂದಿದ್ದೇನೆ, ನೀವೆಲ್ಲ ಯಾಕೆ ಇನ್ನೂ ಅಲ್ಲೇ ನಿಂತಿದ್ದೀರಿ ಎಂದಳು. ಯಾರು ಹೇಳಿದರು ನಿನಗೆ ಎಂದು ಕೇಳಿದೆ. ಅವಳು ಕೈ ಒರೆಸಿಕೊಂಡು ಎದ್ದು ನಿಂತಳು.

"ಮನೆ ಕೊಡುವಾಗ್ಲೇ ದೊಡ್ಡವ್ವ ಹೇಳಿದ್ರು ಅಕ್ಕ. ವರ್ಸಕ್ಕೊಂದಿನ ನಮ್ಮತ್ತೆಗೆ ಮನೆ ಬುಡ್ಬೇಕು ಕಣಮ್ಮಿ, ನಂಗೂ ಒಂದಿನ ಬೇಕಾಯ್ತದೆ, ಯಾವತ್ತು ಅಂತ ಈಗ ಏಳಕಾಗಲ್ಲ ಅಂದ್ರು. ನಾನು ಹೂಂ ಅಂದಿದ್ದೆ."

ನಾನು ಜಗುಲಿಗೆ ಬಂದು, ಅವ್ವನನ್ನು ಕರೆದುಕೊಂಡು ಬನ್ನಿ ಎಂದು ಅವರ ಮಗನಿಗೆ ಹೇಳಿದೆ.